ಪುಣೆಯಲ್ಲಿ ಫ್ಲಾಟ್ ನೋಡುವಾಗ: 930, 700, 620, ಯಾವ ಚದರಡಿ ನಿಜ?

ಧಾರವಾಡದಿಂದ ಹಿಂಜವಡಿಗೆ ಕೆಲಸಕ್ಕೆ ಬಂದು ವಾಕಡ್ ಕಡೆ ಎರಡು ಬೆಡ್‌ರೂಮಿನ ಮನೆ ನೋಡುತ್ತಿದ್ದೀರಿ. ಒಂದೇ ಫ್ಲಾಟನ್ನು ಏಜೆಂಟ್ 930 ಚದರಡಿ ಅಂತಾರೆ, ಸೈಟ್ ಆಫೀಸಿನವರು 700 ಅಂತಾರೆ, ಅಗ್ರಿಮೆಂಟಿನ ಕರಡಿನಲ್ಲಿ ನೋಡಿದರೆ 57.60 ಚದರ ಮೀಟರ್ ಅಂತಿದೆ. ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಅಗ್ರಿಮೆಂಟಿನಲ್ಲಿ ಇರೋದನ್ನು. 10.764ರಿಂದ ಗುಣಿಸಿ, 620 ಚದರಡಿ ಬರುತ್ತೆ. ಅದೇ ರೇರಾ ಕಾರ್ಪೆಟ್, ಅಂದ್ರೆ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಪ್ರಕಾರ ಮನೆಯೊಳಗೆ ನಿಜವಾಗಿ ಬಳಸೋಕೆ ಸಿಗೋ ಜಾಗ.

930 ಅನ್ನೋದು ಸೇಲೇಬಲ್. ಬೆಂಗಳೂರಿನವರು ಸೂಪರ್ ಬಿಲ್ಟ್‌ಅಪ್ ಅನ್ನೋದು ಇದನ್ನೇ: ಮೆಟ್ಟಿಲು, ಲಿಫ್ಟ್, ಲಾಬಿ, ಕ್ಲಬ್‌ಹೌಸಿನ ಪಾಲನ್ನೆಲ್ಲ ನಿಮ್ಮ ಮನೆಗೆ ಸೇರಿಸಿದ ಲೆಕ್ಕ. ಎಷ್ಟು ಸೇರಿಸಬೇಕು ಅನ್ನೋದಕ್ಕೆ ಕಾನೂನಿನ ಅಳತೆಯಿಲ್ಲ. 700 ಹೇಗೆ ಬಂತು ಅಂದ್ರೆ, 620ಕ್ಕೆ ಹಾಲಿನ ಬಾಲ್ಕನಿ 56, ಅಡುಗೆಮನೆ ಹಿಂದಿನ ಡ್ರೈ ಬಾಲ್ಕನಿ 24 ಕೂಡಿಸಿ ‘ಟೋಟಲ್ ಕಾರ್ಪೆಟ್’ ಅಂತ ಹೇಳ್ತಾರೆ. 2016ರ ರೇರಾ ಕಾಯ್ದೆ ಪ್ರಕಾರ ಹೊರಗೋಡೆ, ಡಕ್ಟ್, ನಿಮ್ಮ ಬಾಲ್ಕನಿ, ನಿಮ್ಮ ತೆರೆದ ಟೆರೇಸ್ ಯಾವುದೂ ಕಾರ್ಪೆಟ್ಟಿಗೆ ಸೇರಲ್ಲ. ಒಳಗಿನ ಪಾರ್ಟಿಷನ್ ಗೋಡೆ ನಿಂತ ಜಾಗ ಮಾತ್ರ ಸೇರುತ್ತೆ. ಪುಣೆಯಲ್ಲಿ ಟೆರೇಸ್ ಇರೋ ಫ್ಲಾಟ್‌ಗಳು ಜಾಸ್ತಿ, ಹಾಗಾಗಿ ಈ ವ್ಯತ್ಯಾಸ ಇಲ್ಲಿ ದೊಡ್ಡದು. ಸ್ಯಾಂಪಲ್ ಫ್ಲಾಟಿನಲ್ಲಿ ಬಾಲ್ಕನಿಯ ಬಾಗಿಲು ತೆಗೆದು ಹಾಲಿಗೇ ಸೇರಿಸಿ ತೋರಿಸಿದ್ರೆ, ಮಂಜೂರಾದ ನಕ್ಷೆ ಕೇಳಿ ನೋಡಿ. ನಕ್ಷೆಯಲ್ಲಿ ಬಾಲ್ಕನಿ ಅಂತಿದ್ರೆ ಅದು ಬಾಲ್ಕನಿಯೇ.

‘ಲೋಡಿಂಗ್ ಬರೀ 33 ಪರ್ಸೆಂಟ್’ ಅಂದಾಗ ಯಾವುದರ ಮೇಲೆ ಅಂತ ತಕ್ಷಣ ಕೇಳಿ. 930ರಲ್ಲಿ ಕಾರ್ಪೆಟ್ಟಿನ ಮೇಲೆ ಸೇರಿಸಿದ ಹೆಚ್ಚುವರಿ, ಅಂದ್ರೆ ಲೋಡಿಂಗ್, 310. ಅದನ್ನು 930ರಿಂದ ಭಾಗಿಸಿದರೆ 33, 620ರಿಂದ ಭಾಗಿಸಿದರೆ 50. ಫ್ಲಾಟ್ ಒಂದೇ.

ದರ ಹೋಲಿಸೋವಾಗ ಮೋಸ ಹೋಗೋದು ಇಲ್ಲೇ. ಈ ಮನೆಗೆ 74,40,000 ಅಂತಿಟ್ಟುಕೊಳ್ಳಿ. ಸೇಲೇಬಲ್ ದರ 8,000, ಕಾರ್ಪೆಟ್ ದರ 12,000. ಪಕ್ಕದ ಸ್ಕೀಮಿನಲ್ಲಿ 900 ಸೇಲೇಬಲ್, ದರ 7,800, ಒಟ್ಟು 70,20,000. ಅಗ್ಗ ಅನಿಸುತ್ತೆ. ಆದರೆ ಅದರ ರೇರಾ ಕಾರ್ಪೆಟ್ 560 ಆಗಿದ್ರೆ ಚದರಡಿಗೆ 12,535ಕ್ಕೂ ಮೇಲೆ ಬೀಳುತ್ತೆ. ಬಾಲ್ಕನಿಗೆ ಬೆಲೆಯೇ ಇಲ್ಲ ಅಂತಲ್ಲ, ಬಟ್ಟೆ ಒಣಗಿಸೋಕೆ ಡ್ರೈ ಬಾಲ್ಕನಿ ಬೇಕೇ ಬೇಕು. ಅದನ್ನು ಬೇರೆ ಸಾಲಿನಲ್ಲಿ ಬರೆದು ತೂಗಿ ನೋಡಿ, ಅಷ್ಟೇ.

ಟೋಕನ್ ಕೊಡೋಕೆ ಮುಂಚೆ ಅಗ್ರಿಮೆಂಟಿನ ಕರಡು ತಗೊಳ್ಳಿ. ಮಹಾರೇರಾ (ಮಹಾರಾಷ್ಟ್ರದ ರೇರಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ ಅಲ್ಲಿರೋ ಕಾರ್ಪೆಟ್ ಅಂಕಿ ಕರಡಿಗೆ ತಾಳೆಯಾಗುತ್ತಾ ನೋಡಿ. ಅಗ್ರಿಮೆಂಟ್ ನೋಂದಣಿ ಆಗೋ ತನಕ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ತಗೊಳ್ಳೋ ಹಾಗಿಲ್ಲ. ‘ಆಫರ್ ಇವತ್ತೇ ಮುಗಿಯುತ್ತೆ’ ಅನ್ನೋ ಒತ್ತಡಕ್ಕೆ ಬಗ್ಗಬೇಡಿ.

ಮಹಾರೇರಾದ ಮಾದರಿ ಅಗ್ರಿಮೆಂಟಿನಲ್ಲಿ, ಕಟ್ಟಿ ಮುಗಿದ ಮೇಲೆ ಕಾರ್ಪೆಟ್ ಶೇ. 3ರವರೆಗೆ ಹೆಚ್ಚುಕಡಿಮೆಯಾಗಬಹುದು ಅನ್ನೋ ಷರತ್ತು ಇದೆ. 620ಕ್ಕೆ ಅದು 18.6 ಚದರಡಿ. ಅಷ್ಟರೊಳಗೆ ಕಡಿಮೆಯಾದರೆ ಏನೂ ವಾಪಸ್ ಬರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ತಪ್ಪು. ಆ ಮಿತಿಯೊಳಗೆ ಕಡಿಮೆಯಾದರೂ, ಅಗ್ರಿಮೆಂಟಿನ ಅದೇ ದರದಲ್ಲಿ ಲೆಕ್ಕ ಹಾಕಿ 45 ದಿನದೊಳಗೆ ಬಡ್ಡಿ ಸಮೇತ ಹಿಂತಿರುಗಿಸಬೇಕು. ಹೆಚ್ಚಾದರೆ ನೀವು ಕೊಡಬೇಕು. ನಿಮ್ಮ ಕರಡಿನಲ್ಲಿ ಈ ಸಾಲು ತಿದ್ದಿದ್ದಾರಾ ಅಂತ ಓದಿ ನೋಡಿ.

ಪೊಸೆಷನ್ ಹೊತ್ತಿಗೆ ಲೇಸರ್ ಮೀಟರ್ ಹಿಡಿದು ಅಳೆಯೋವಾಗ ಒಂದು ವಿಷಯ ಗಮನದಲ್ಲಿರಲಿ. ನಕ್ಷೆಯ 10×12 ಅಡಿ ಪ್ಲಾಸ್ಟರ್ ಇಲ್ಲದ ಗೋಡೆಯ ಅಳತೆಯಾಗಿದ್ರೆ, ಪ್ರತಿ ಬದಿಗೆ ಅರ್ಧ ಇಂಚು ಪ್ಲಾಸ್ಟರ್ ಕೂತ ಮೇಲೆ ಕೋಣೆ 9 ಅಡಿ 11 ಇಂಚು, 11 ಅಡಿ 11 ಇಂಚು ಆಗುತ್ತೆ. 120 ಇದ್ದದ್ದು ಸುಮಾರು 118 ಚದರಡಿ. ಯಾವ ಮೇಲ್ಮೈಯಿಂದ ಅಳೆದಿದ್ದಾರೆ ಅಂತ ಮೊದಲೇ ಬರವಣಿಗೆಯಲ್ಲಿ ತಗೊಂಡರೆ ಆಮೇಲೆ ಜಗಳ ಇರಲ್ಲ. ಕೋಣೆಗಳ ಜೊತೆ ಪ್ಯಾಸೇಜ್, ಬಾತ್‌ರೂಮ್ ಕೂಡಿಸಿ. ಒಳಗೋಡೆಯನ್ನು ಮರೀಬೇಡಿ: 4 ಇಂಚಿನ ಗೋಡೆ ಒಟ್ಟು 60 ಅಡಿ ಉದ್ದ ಇದ್ರೆ ಅದೇ 20 ಚದರಡಿ.

ಜಿಎಸ್‌ಟಿಗೂ ಕಾರ್ಪೆಟ್ಟೇ ಆಧಾರ. ಪುಣೆಯಲ್ಲಿ 90 ಚದರ ಮೀಟರ್ ಒಳಗೆ, ಬೆಲೆಯೂ 45 ಲಕ್ಷದೊಳಗೆ ಇದ್ರೆ ಶೇ. 1, ಎರಡರಲ್ಲಿ ಒಂದು ದಾಟಿದರೂ ಶೇ. 5. ಮುಂಬೈ ಪ್ರದೇಶದಲ್ಲಿ ಮಿತಿ 60 ಚದರ ಮೀಟರ್. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ರೀಸೇಲ್ ನೋಡ್ತಿದ್ರೆ ಹಳೇ ಅಗ್ರಿಮೆಂಟಿನ ಅಂಕಿಯನ್ನು ಹಾಗೇ ಹೊಸದರ ಜೊತೆ ಹೋಲಿಸಬೇಡಿ. 1963ರ ಮೋಫಾ (ಮಹಾರಾಷ್ಟ್ರದ ಹಳೇ ಫ್ಲಾಟ್ ಕಾಯ್ದೆ) ಪ್ರಕಾರದ ಕಾರ್ಪೆಟ್ಟಿನಲ್ಲಿ ಬಾಲ್ಕನಿಯೂ ಸೇರಿರುತ್ತೆ, ಕೆಲವದರಲ್ಲಿ ಬರೀ ಬಿಲ್ಟ್‌ಅಪ್ (ಗೋಡೆಗಳನ್ನೂ ಸೇರಿಸಿದ ಅಳತೆ) ಬರೆದಿರ್ತಾರೆ. ಹಾಗಾಗಿ ಅಡ್ವಾನ್ಸ್ ಕೊಡೋಕೆ ಮುಂಚೆ ಮನೆ ಮಾಲೀಕರ ಒಪ್ಪಿಗೆ ತಗೊಂಡು ನೀವೇ ಅಳೆದು, ಬಾಲ್ಕನಿ ಬಿಟ್ಟು ಒಂದು ಅಂಕಿ, ಸೇರಿಸಿ ಒಂದು ಅಂಕಿ ಬರೆದಿಟ್ಟುಕೊಳ್ಳಿ. ಚೌಕಾಸಿ ಮೊದಲನೇ ಅಂಕಿಯ ಮೇಲೆ ನಡೀಲಿ.