ಭಾಷಾ ನೀತಿ ಮಾಡೋದು ಸರ್ಕಾರ ಅಲ್ವಾ, ಅದ್ರಲ್ಲಿ ಸಮಾಜದ ಪಾತ್ರ ಎಂತದು?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯವ. ಥಿಯರಿ ಎಲ್ಲ ನನ್ನಿಂದಾಗದು, ಇಲ್ಲಿಯ ಶಾಲೆಗಳಲ್ಲಿ ನಡೆಯೋದನ್ನು ಹೇಳ್ತೇನೆ.

ಕಾಗದದಲ್ಲಿ ನಮ್ಗೆ ಎಲ್ಲ ಉಂಟು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು, ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರೈಮರಿಯಲ್ಲಿ ಮಾತೃಭಾಷೆಯಲ್ಲೇ ಕಲಿಸುವ ವ್ಯವಸ್ಥೆ ಆಗ್ಬೇಕು ಅಂತ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರ್ಲಿ ಅಂತ ಗಡಿ ತಕರಾರು ನೋಡಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಹಾಗೇ ಉಳೀತು, ಅದು ಬಿಡಿ, ಹೇಳ್ತಾ ಕೂತ್ರೆ ಬೆಳಗಾಗ್ತದೆ.

ವಿಷಯ ಎಂತ ಅಂದ್ರೆ ಇಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಜನರ ಮನೆಮಾತು ತುಳು, ಕೊಂಕಣಿ, ಮರಾಟಿ, ಬ್ಯಾರಿ. ಅವ್ರು ಕನ್ನಡ ಓದಿದ್ದು ಯಾರೋ ಕಾನೂನು ಮಾಡಿದ್ರು ಅಂತಲ್ಲ, ಯಕ್ಷಗಾನ ಕನ್ನಡ, ದೇವಸ್ಥಾನದ ನೋಟೀಸು ಕನ್ನಡ, ಮದುವೆ ಕಾಗದ ಕನ್ನಡ, ಆಸ್ಪತ್ರೆಗೆ ಕಾಲೇಜಿಗೆ ಅಂದ್ರೆ ಮಂಗಳೂರು. ಈಗ ತುಳು ಮನೆಯವ ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ ಅಂತಿಟ್ಕೊಳ್ಳಿ, ಸೆನ್ಸಸ್ಸಲ್ಲಿ ಅವ ಮೊದಲೂ ತುಳು ಈಗ್ಲೂ ತುಳು, ಕನ್ನಡ ಕ್ಲಾಸಲ್ಲಿ ಮಾತ್ರ ಒಂದು ತಲೆ ಕಡಿಮೆ.

ಆ ತಲೆಯೇ ಇಲ್ಲಿ ಮುಖ್ಯ ಮಾರಾಯ್ರೆ. ಕೇರಳದಲ್ಲಿ ಶಾಲೆ ಶುರುವಾದ ಆರನೇ ವರ್ಕಿಂಗ್ ಡೇ ಮಕ್ಕಳನ್ನು ಎಣಿಸಿ ಟೀಚರ್ ಪೋಸ್ಟ್ ಎಷ್ಟು ಅಂತ ತೀರ್ಮಾನ ಮಾಡ್ತಾರೆ, ಮಕ್ಕಳು ಕಡಿಮೆ ಆದ್ರೆ ಡಿವಿಷನ್ (ತರಗತಿಯ ಒಂದು ವಿಭಾಗ) ಹೋಯ್ತು, ಡಿವಿಷನ್ ಹೋದ್ರೆ ಪೋಸ್ಟ್ ಹೋಯ್ತು, ಕನ್ನಡದಲ್ಲಿ ಬಿಎಡ್ ಮಾಡಿದ ಹುಡುಗಿ ಕೆಲಸ ಇಲ್ದೆ ಕೂತದ್ದನ್ನು ನೋಡಿದ ನೆರೆಮನೆಯವ ತನ್ನ ಮಗುವನ್ನು ಕನ್ನಡಕ್ಕೆ ಕಳಿಸ್ತಾನಾ? ಮೇಲಿಂದ ಕನ್ನಡ ಮೀಡಿಯಂಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದ್ದೂ ಉಂಟು, ಗಲಾಟೆ ಆದದ್ದೂ ಉಂಟು.

2017ರಲ್ಲಿ ಒಂದರಿಂದ ಹತ್ತರವರೆಗೆ ಮಲಯಾಳ ಕಡ್ಡಾಯ ಅಂತ ಕಾಯ್ದೆ ಬಂದಾಗ ಕನ್ನಡದವರು ಬೀದಿಗಿಳಿದ್ರು, ಸರಿಯೇ. ಆದ್ರೆ ಅದಕ್ಕೂ ಮೊದ್ಲೇ ಮಗನಿಗೆ ಪಿಎಸ್‌ಸಿಗೆ, ಅಂದ್ರೆ ಕೇರಳದ ಸರ್ಕಾರಿ ಕೆಲಸದ ಪರೀಕ್ಷೆಗೆ, ಬೇಕಾಗ್ತದೆ ಅಂತ ಮನೆಯಲ್ಲಿ ಮಲಯಾಳ ಅಕ್ಷರ ಕಲಿಸ್ತಿದ್ದ ಕನ್ನಡದ ಅಪ್ಪಂದಿರು ನಮ್ಮೂರಲ್ಲೇ ಇದ್ರು. ನಂಗೆ ಅದ್ರಲ್ಲಿ ತಪ್ಪು ಕಾಣೋದಿಲ್ಲ, ಹೊಟ್ಟೆಪಾಡು.

ಕ್ಲರ್ಕ್ ಪೋಸ್ಟಿಗೆ ಕನ್ನಡ ಮಲಯಾಳ ಎರಡೂ ಗೊತ್ತಿರ್ಬೇಕು ಅಂತ ಪಿಎಸ್‌ಸಿ ಇಲ್ಲಿಗೆ ಬೇರೆಯೇ ಅರ್ಜಿ ಕರೀತದಲ್ಲ, ನನ್ನ ಪ್ರಕಾರ ಕನ್ನಡಕ್ಕೆ ನಿಜವಾಗಿ ಉಪಕಾರ ಆದ ನೀತಿ ಅದು, ಕನ್ನಡ ಕಲಿತ್ರೆ ಸಂಬಳ ಉಂಟು ಅಂತ ಅಪ್ಪ ಅಮ್ಮನಿಗೆ ಕಣ್ಣಿಗೆ ಕಾಣ್ತದೆ. ನಾವು ಅಂಥ ಪೋಸ್ಟು ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕಿಂತ ಬೋರ್ಡಿನ ಅಕ್ಷರಕ್ಕೆ ಜಗಳ ಮಾಡಿದ್ದೇ ಹೆಚ್ಚು.