ಅದು ಪೇಂಟ್ ಅಲ್ಲ ಮೇಷ್ಟ್ರೇ

ಮೇಷ್ಟ್ರೇ ನಮಸ್ಕಾರ. ಹೋದ ತಿಂಗಳು ಲಾಹೋರಿನ ವಜೀರ್ ಖಾನ್ ಮಸೀದಿ ಫೋಟೋ ಹಾಕಿದ್ವಲ್ಲ, ಅದನ್ನ ನೋಡಿ ನೀವು ಬೀದರ್‌ನಿಂದ ಬರೆದ ಪತ್ರ ಬಂತು. ಶಾಹಜಹಾನ್ ಕಾಲದ್ದು ಅಂತೀರಿ, ಮತ್ತೆ ಅಮೃತಶಿಲೆ ಎಲ್ಲಿ, ಇಟ್ಟಿಗೆಗೆ ಪೇಂಟ್ ಹೊಡೆದ ಹಾಗಿದೆಯಲ್ಲ, ದುಡ್ಡು ಸಾಲಲಿಲ್ವಾ ಅಂತ ಕೇಳಿದೀರಿ. ನಮ್ಮೂರ ಗವಾನ್ ಮದರಸಾ ಮಿನಾರಿಗೂ ಇದಕ್ಕೂ ಏನಾದ್ರೂ ನಂಟಿದೆಯಾ ಅಂತಾನೂ ಕೇಳಿದೀರಿ. ಮೊದಲು ಕ್ಷಮೆ ಕೇಳ್ತೀನಿ, ಫೋಟೋ ಕೆಳಗೆ "ಬಣ್ಣ ಬಳಿದ ಗೋಡೆ" ಅಂತ ಬರೆದದ್ದು ನಮ್ಮದೇ ತಪ್ಪು. ಹೊರಗೋಡೆ ಮೇಲೆ ಕಾಣೋ ಆ ನೀಲಿ, ಹಸಿರು, ಹಳದಿ ಎಲ್ಲ ಟೈಲ್ಸು.

ದುಡ್ಡಿಗೇನೂ ಬರ ಇರಲಿಲ್ಲ. ಕಟ್ಟಿಸಿದವರು ಚಿನಿಯೋಟ್‌ನ ಹಕೀಂ ಇಲ್ಮುದ್ದೀನ್ ಅನ್ಸಾರಿ, ಶಾಹಜಹಾನ್ ಆಸ್ಥಾನದ ವೈದ್ಯರು, ಆಮೇಲೆ ಪಂಜಾಬಿನ ಸುಬೇದಾರರೂ, ಅಂದ್ರೆ ಪ್ರಾಂತ್ಯದ ಆಡಳಿತಗಾರರೂ ಆದರು, ವಜೀರ್ ಖಾನ್ ಅನ್ನೋದು ಅವರಿಗೆ ಸಿಕ್ಕ ಬಿರುದು. 1634ರಲ್ಲಿ ಶುರುವಾದ ಕೆಲಸ ಮುಗಿಯೋಕೆ ಏಳು ವರ್ಷ ಹಿಡೀತು. ಆದ್ರೆ ಲಾಹೋರ್ ಇರೋದು ರಾವಿ ನದಿಯ ಬಯಲಲ್ಲಿ, ಎಷ್ಟು ಅಗೆದ್ರೂ ಮಣ್ಣೇ, ಕಲ್ಲು ಬೇಕಂದ್ರೆ ದೂರದಿಂದ ಹೊತ್ತು ತರಬೇಕು. ಅದೇ ಊರಲ್ಲಿ 1673ರಲ್ಲಿ ಮುಗಿದ ಬಾದಶಾಹಿ ಮಸೀದಿಗೆ ಔರಂಗಜೇಬ್ ಕೆಂಪು ಕಲ್ಲು ತರಿಸಿದ್ದ ನಿಜ. ವಜೀರ್ ಖಾನ್ ಮಾತ್ರ ಊರಿನ ಮಣ್ಣನ್ನೇ ನಂಬಿದ್ರು. ನನಗಂತೂ ಇದೇ ದೊಡ್ಡದು ಅನ್ಸುತ್ತೆ.

ಟೈಲ್ಸ್ ಕೆಲಸಕ್ಕೆ ಅಲ್ಲಿ ಕಾಶಿಕಾರಿ ಅಂತಾರೆ. ನಮ್ಮ ಕಾಶಿ ಅಲ್ಲ, ಇರಾನಿನ ಕಾಶಾನ್ ಊರಿಂದ ಬಂದ ಹೆಸರು. ಒಂದು ಹೂವಿನ ಎಸಳು ನೀಲಿ, ನಡುವೆ ಹಳದಿ, ತೊಟ್ಟು ಹಸಿರು ಅಂತಿಟ್ಕೊಳ್ಳಿ, ನಾವಾದ್ರೆ ಒಂದೇ ಬಿಲ್ಲೆ ಮೇಲೆ ಮೂರೂ ಬಣ್ಣದಲ್ಲಿ ಬರೆದು ಸುಟ್ಟುಬಿಡ್ತೀವಿ. ಅವರು ಹಾಗಲ್ಲ, ಒಂದೊಂದು ಬಣ್ಣದ ಬಿಲ್ಲೆ ಬೇರೆಬೇರೆ ಸುಟ್ಟು, ಅದರಿಂದ ಎಸಳನ್ನ ಎಸಳಿನ ಆಕಾರಕ್ಕೆ, ತೊಟ್ಟನ್ನ ತೊಟ್ಟಿನ ಆಕಾರಕ್ಕೆ ಕತ್ತರಿಸಿ, ಅಂಚು ತಿಕ್ಕಿ, ಒಂದಕ್ಕೊಂದು ಹೊಂದಿಸಿ ಸುಣ್ಣದ ಗಾರೆಯಲ್ಲಿ ಕೂರಿಸ್ತಿದ್ರು. ಹೊರಗೋಡೆ ಟೈಲ್ಸಲ್ಲಿರೋ ಅಕ್ಷರಗಳೂ ಹಾಗೇ ಕತ್ತರಿಸಿ ಕೂರಿಸಿದ್ದು, ಕುಂಚ ಮುಟ್ಟಿಲ್ಲ. ಬಣ್ಣ ಬಳಿದದ್ದು ಬೇಕಂದ್ರೆ ಒಳಗೆ ಹೋಗಬೇಕು, ಗೋಡೆ, ಗುಮ್ಮಟದ ಒಳಮೈ ತುಂಬ ಹಸಿ ಗಾರೆ ಮೇಲೆ ಬರೆದ ಬಳ್ಳಿ, ಹೂಜಿ, ಸೈಪ್ರೆಸ್ ಮರ.

ನಾಲ್ಕು ಮೂಲೆಗೆ ನಾಲ್ಕು ಎಂಟುಮೂಲೆಯ ಮಿನಾರು, ಒಂದೊಂದೂ ಸುಮಾರು 107 ಅಡಿ. ಪ್ರಾರ್ಥನೆ ಹಾಲ್ ಮೇಲೆ ಒಂದೇ ಸಾಲಲ್ಲಿ ಐದು ಗುಮ್ಮಟ. ಅಂಗಳದಲ್ಲಿ ಮಸೀದಿಗಿಂತ ಹಳೇದಾದ ಒಂದು ಗೋರಿ ಇದೆ, ಇರಾನಿಂದ ಬಂದ ಸೂಫಿ ಮೀರಾನ್ ಬಾದಶಾಹ್ ಅವರದು, ಅದನ್ನ ಎತ್ತಿಸದೆ ಒಳಗೇ ಉಳಿಸ್ಕೊಂಡು ಕಟ್ಟಿದಾರೆ. ಬಾಗಿಲಲ್ಲಿ ಅಂಗಡಿ ಸಾಲು ಇಟ್ಟು ಬಾಡಿಗೆ ಮಸೀದಿ ಖರ್ಚಿಗೆ ಅಂತ ಬರೆದಿಟ್ರು, ಅಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟೋರು, ಚೆಂದದ ಅಕ್ಷರ ಬರೆಯೋರು ಕೂತಿರ್ತಿದ್ರು.

ಈಗ ನಿಮ್ಮ ಎರಡನೇ ಪ್ರಶ್ನೆ. ನೇರ ನಂಟಿಲ್ಲ, ಆದ್ರೆ ತವರು ಒಂದೇ. ನಿಮ್ಮೂರ ಮದರಸಾ 1472ರದು, ಲಾಹೋರಿನದಕ್ಕಿಂತ 160 ವರ್ಷ ಹಿರಿಯದು. ಅದನ್ನ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನ್‌ನವರು, ತಮ್ಮ ಕಡೆಯ ಟೈಲ್ಸ್ ಕೆಲಸವನ್ನೇ ಬೀದರ್ ಗೋಡೆಗೆ ತಂದ್ರು. ಮೊಗಲರ ಕೈಗೆ ಹೋದ ಮೇಲೆ ಒಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಮುಂಭಾಗ ಅರ್ಧ ಹೋಯ್ತು, ಎರಡು ಮಿನಾರಲ್ಲಿ ಒಂದೇ ಉಳೀತು. ಆ ಕಥೆ ನಿಮಗೆ ನಾನು ಹೇಳಬೇಕಾ.

ಒಂದು ಉಪಕಾರ ಮಾಡಿ. ಬೆಳಗ್ಗೆ ಬಿಸಿಲು ಬಿದ್ದಾಗ ಆ ಮಿನಾರಿನಲ್ಲಿ ಉಳಿದಿರೋ ಟೈಲ್ಸಿನ ಫೋಟೋ ಒಂದು ಹತ್ತಿರದಿಂದ ತೆಗೆದು ಕಳಿಸಿ. ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕ್ತೀವಿ, ಲಾಹೋರಿನ ಗೋಡೆ ಪಕ್ಕಕ್ಕೇ ಅದನ್ನೂ ಹಾಕೋಣ.