ಸುಮ್ಮನೆ ಬಿದ್ದುಕೊಳ್ಳಲು ಹೋಟೆಲ್ ಬೇಕಾದರೆ

3 ದಿನ ಸಾಲು ರಜೆ ಇದೆ, ಸಿಟಿಯಿಂದ 2 ಗಂಟೆಯೊಳಗಿನ ಹಳ್ಳಿಗಾಡಿನ ಹೋಟೆಲಲ್ಲಿ ಆರಾಮಾಗಿ ಇರಬೇಕು, ಫೋಟೊ ನೋಡಿ ಬುಕ್ ಮಾಡಬಹುದಾ ಅಂತ ಕೇಳಿದ್ದೀರಿ. ಫೋಟೊ ಬಿಡಿ, ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟ ತೆಗೆಯಿರಿ. ಹೆದ್ದಾರಿ, ರೈಲು ಹಳಿ, ಕಲ್ಲು ಕ್ವಾರಿ ಎಷ್ಟು ಹತ್ತಿರ ಇವೆ ಅಂತ ಅಲ್ಲೇ ಗೊತ್ತಾಗುತ್ತೆ.

ಆಮೇಲೆ ನೇರವಾಗಿ ರಿಸೆಪ್ಷನ್‌ಗೆ ಫೋನ್ ಮಾಡಿ. "ಆ ದಿನಗಳಲ್ಲಿ ನಿಮ್ಮಲ್ಲಿ ಮದುವೆ, ಕಂಪನಿ ಪಾರ್ಟಿ ಏನಾದರೂ ಇದೆಯಾ?" ಅಂತ ಮೊದಲು ಕೇಳಿ. ಇಂಥ ಜಾಗಗಳಲ್ಲಿ ನೆಮ್ಮದಿ ಕೆಡಿಸೋದು ಹೆಚ್ಚಾಗಿ ಇದೇ. ಹುಲ್ಲುಹಾಸಿನ ಮೇಲೆ ಸ್ಪೀಕರ್ ಇಟ್ಟರೆ ಮುಗೀತು. ಕಿಟಕಿ ಹಾಕಿಕೊಂಡರೆ ಹಾಡು ಕೇಳಿಸದೇ ಇರಬಹುದು, ಆದರೆ ಬಾಸ್ ಗೋಡೆ ದಾಟಿ ಬಂದು ದಿಂಬಿನವರೆಗೂ ಢಬ್ ಢಬ್ ಅಂತಿರುತ್ತೆ. ಇದೆ ಅಂದರೆ ಬೇರೆ ಜಾಗ ನೋಡಿ. ಇಲ್ಲ ಅಂದರೆ ಜನರೇಟರ್, ಅಡುಗೆಮನೆ, ಪಾರ್ಕಿಂಗ್ ಇವುಗಳಿಂದ ದೂರದ ರೂಮು ಕೇಳಿ. ಎಲ್ಲಕ್ಕಿಂತ ಮೇಲಿನ ಮಹಡಿಯದ್ದಾದರೆ ಇನ್ನೂ ಒಳ್ಳೇದು, ತಲೆ ಮೇಲೆ ಯಾರೂ ಕುರ್ಚಿ ಎಳೆಯಲ್ಲ.

ಆ್ಯಕ್ಟಿವಿಟಿ ಪ್ಯಾಕೇಜ್ ಮಾತ್ರ ಬೇಡವೇ ಬೇಡ. ದುಡ್ಡು ಕೊಟ್ಟ ಮೇಲೆ ಬಿಡೋಕೆ ಮನಸ್ಸಾಗಲ್ಲ, ಮಲಗೋಕೆ ಅಂತ ಹೋದವರು ಜಿಪ್‌ಲೈನ್ ಕ್ಯೂನಲ್ಲಿ ನಿಂತಿರ್ತೀರಿ (ಹೆಲ್ಮೆಟ್ ಬೇರೆ).

ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನವೇ, ಹಾಗಾಗಿ ನಸುಕಿಗೇ ಎದ್ದು ಓಡಬೇಡಿ. ವಾಪಸ್ ಬರುವಾಗ ಉಲ್ಟಾ, ಕಡೇ ದಿನ ತಿಂಡಿ ಮುಗಿಸಿ ಹೊರಟುಬಿಡಿ, ಸಂಜೆ ಎಲ್ಲರೂ ಒಟ್ಟಿಗೇ ಸಿಟಿ ಕಡೆ ಬರ್ತಾರೆ. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಕೊಡ್ತಾರೆ ಅಂತ ಮೆಸೇಜಲ್ಲಿ ಬರೆಸಿಕೊಳ್ಳಿ.